ಎದೆಯ ತಾಳ, ಹಲ್ಲಿನ ಸೂಜಿ

ಬುದ್ಧಿಹಲ್ಲಿನ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಹೆಚ್ಚಿನವು ಹಲ್ಲಿಗಿಂತ ಹೃದಯದ ಮಾತನ್ನೇ ಆಡಿದ್ದವು. ‘ನನಗೆ ಎದೆಬಡಿತದ ತೊಂದರೆ ಇದೆ, ಹಲ್ಲಿನ ಇಂಜೆಕ್ಷನ್ ತಗೊಂಡರೆ ಏನಾಗುತ್ತದೋ’ ಎಂಬ ಭಯ ಒಂದಲ್ಲ ಒಂದು ರೂಪದಲ್ಲಿ ಎಲ್ಲದರಲ್ಲೂ ಇತ್ತು. ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಮಾಡುವ ನನಗೆ ಈ ಭಯ ಚೆನ್ನಾಗಿ ಪರಿಚಯ. ಅದರಿಂದಾಗಿ ಕೊಳೆತ ಹಲ್ಲನ್ನು ವರ್ಷಗಟ್ಟಲೆ ಬಾಯಲ್ಲಿಟ್ಟುಕೊಂಡು ನರಳಿದವರನ್ನೂ ನೋಡಿದ್ದೇನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಪತ್ರಗಳಲ್ಲಿದ್ದ ಹೆಸರು ಬಿಟ್ಟು, ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, 67 ವರ್ಷ. ಆರು ವರ್ಷದಿಂದ ಏಟ್ರಿಯಲ್ ಫಿಬ್ರಿಲೇಷನ್ (ಎದೆಬಡಿತದ ಏರುಪೇರು) ಇದೆ. ಬೆಳಿಗ್ಗೆ ಮೆಟೊಪ್ರೊಲಾಲ್, ದಿನಕ್ಕೆ ಎರಡು ಸಲ ಅಪಿಕ್ಸಬಾನ್ ತೆಗೆದುಕೊಳ್ಳುತ್ತೇನೆ. ನಾಲ್ಕು ವರ್ಷದ ಹಿಂದೆ ಕೆಳದವಡೆಯ ಹಲ್ಲು ಕೀಳಿಸಲು ಹೋಗಿದ್ದೆ. ಇಂಜೆಕ್ಷನ್ ಚುಚ್ಚಿ ಅರ್ಧ ನಿಮಿಷ ಆಗಿರಲಿಲ್ಲ, ಎದೆ ಗುದ್ದಿಕೊಳ್ಳತೊಡಗಿತು. ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು. ಹತ್ತು ನಿಮಿಷದಲ್ಲಿ ಎಲ್ಲ ಇಳಿಯಿತು. ಅಲ್ಲಿನ ವೈದ್ಯರು ‘ಈ ಔಷಧಿ ನಿಮಗೆ ಅಲರ್ಜಿ’ ಎಂದು ಚೀಟಿ ಬರೆದುಕೊಟ್ಟು ಕಳಿಸಿದರು. ಅಂದಿನಿಂದ ಯಾವ ದಂತವೈದ್ಯರ ಮೆಟ್ಟಿಲೂ ಹತ್ತಿಲ್ಲ. ಈಗ ಆ ಹಲ್ಲು ಅರ್ಧ ಮುರಿದಿದೆ, ವಸಡಿನಲ್ಲಿ ಆಗಾಗ ಕೀವು ಬರುತ್ತದೆ. ಲವಂಗದೆಣ್ಣೆ, ಉಪ್ಪುನೀರಿನಲ್ಲಿ ದಿನ ದೂಡುತ್ತಿದ್ದೇನೆ. ಇಂಜೆಕ್ಷನ್ ಕೊಡದೆಯೇ ಹಲ್ಲು ಕೀಳಲು ಸಾಧ್ಯವೇ? (ತೀರ್ಥಹಳ್ಳಿ)

ಉತ್ತರ: ಮೇಷ್ಟ್ರೇ, ಮೊದಲು ಆ ಚೀಟಿಯ ವಿಷಯ. ನೀವು ಬರೆದಿರುವ ಲಕ್ಷಣಗಳು ಅಲರ್ಜಿಯವಲ್ಲ. ಅಲರ್ಜಿ ಆಗಿದ್ದರೆ ಮೈಮೇಲೆ ದದ್ದು ಏಳುತ್ತಿತ್ತು, ತುರಿಕೆ ಬರುತ್ತಿತ್ತು, ತುಟಿಯೋ ಕಣ್ಣಿನ ರೆಪ್ಪೆಯೋ ಊದುತ್ತಿತ್ತು, ಉಸಿರಾಡುವಾಗ ಸಿಳ್ಳಿನಂಥ ಸದ್ದು ಬರುತ್ತಿತ್ತು. ಎದೆ ಗುದ್ದಿ, ಕೈ ನಡುಗಿ, ಬೆವರಿ, ಹತ್ತು ನಿಮಿಷದಲ್ಲಿ ತಾನಾಗಿಯೇ ಇಳಿದುಹೋಗುವುದು ಅಡ್ರಿನಲಿನ್‌ನ ಗುರುತು. ಹಲ್ಲಿನ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುತ್ತದೆ ಎಂಬುದನ್ನು ನಾವು ದಂತವೈದ್ಯರು ರೋಗಿಗಳಿಗೆ ಹೇಳುವುದೇ ಅಪರೂಪ. ಅದು ನಮ್ಮ ತಪ್ಪು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆ ಸಣ್ಣ ಬಾಟಲಿಯಲ್ಲಿ ಮುಖ್ಯವಾಗಿ ಎರಡು ಔಷಧಿಗಳಿವೆ. ಮರಗಟ್ಟಿಸುವುದು ಲಿಗ್ನೊಕೇನ್. ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲೊಫ್‌ಗ್ರೆನ್ 1943ರಲ್ಲಿ ಅದನ್ನು ತಯಾರಿಸಿದರು, 1948ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದೇ ಲಿಗ್ನೊಕೇನನ್ನು ಆಮೇಲೆ ಹೃದ್ರೋಗ ವಿಭಾಗಗಳಲ್ಲಿ ರಕ್ತನಾಳದ ಮೂಲಕ ಕೊಡತೊಡಗಿದರು. ಯಾತಕ್ಕೆ ಗೊತ್ತೇ? ಹೃದಯದ ಕೆಳಕೋಣೆಗಳು ಹುಚ್ಚಾಪಟ್ಟೆ ಬಡಿದುಕೊಂಡಾಗ ತಾಳಕ್ಕೆ ತರಲು! ಹಲ್ಲಿಗೆ ಕೊಡುವ ಪ್ರಮಾಣದಲ್ಲಿ ಅದು ನಿಮ್ಮ ಹೃದಯಕ್ಕೆ ಚಿಕಿತ್ಸೆಯೂ ಆಗುವುದಿಲ್ಲ, ಸರಿಯಾಗಿ ಕೊಟ್ಟರೆ ಹಾನಿಯೂ ಆಗುವುದಿಲ್ಲ. ಆದರೆ ‘ಮರಗಟ್ಟಿಸುವ ಔಷಧಿಯೇ ಹೃದಯಕ್ಕೆ ವಿಷ’ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ.

ಎರಡನೆಯದು ಅಡ್ರಿನಲಿನ್. ಬಾಯಿಯೊಳಗೆ ರಕ್ತ ಸಂಚಾರ ಜೋರು. ಬರಿಯ ಲಿಗ್ನೊಕೇನ್ ಚುಚ್ಚಿದರೆ ರಕ್ತ ಅದನ್ನು ಬೇಗ ತೊಳೆದುಕೊಂಡು ಹೋಗುತ್ತದೆ, ಹಲ್ಲಿನ ಒಳನರ ಐದು-ಹತ್ತು ನಿಮಿಷಕ್ಕೇ ಎಚ್ಚರಾಗುತ್ತದೆ. ಚೂರು ಅಡ್ರಿನಲಿನ್ ಸೇರಿಸಿದರೆ ಅಲ್ಲಿನ ರಕ್ತನಾಳಗಳು ಮುದುಡಿಕೊಂಡು ಔಷಧಿಯನ್ನು ಅಲ್ಲೇ ಹಿಡಿದಿಡುತ್ತವೆ. ಸುಮಾರು ಒಂದು ಗಂಟೆ ನೋವಿಲ್ಲದೆ ಕೆಲಸ ಮಾಡಬಹುದು, ರಕ್ತವೂ ಕಡಿಮೆ ಸೋರುತ್ತದೆ.

ಎಷ್ಟು ಅಡ್ರಿನಲಿನ್ ಎಂಬುದೇ ಮುಖ್ಯ. ನಮ್ಮಲ್ಲಿ ಬಹಳ ಕಡೆ ಬಳಸುವ ಬಾಟಲಿಯ ಮೇಲೆ 1:80,000 ಎಂದು ಬರೆದಿರುತ್ತದೆ. ಅಂದರೆ ಒಂದು ಮಿಲಿಲೀಟರಿನಲ್ಲಿ 12.5 ಮೈಕ್ರೊಗ್ರಾಂ. ಮೈಕ್ರೊಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು. ಕೆಳದವಡೆ ಮರಗಟ್ಟಿಸಲು ಹೆಚ್ಚುಕಡಿಮೆ 2 ಮಿಲಿ ಬೇಕು, ಆಗ ಒಳಗೆ ಹೋಗುವುದು 25 ಮೈಕ್ರೊಗ್ರಾಂ. ಹೃದಯ ಸ್ತಂಭನವಾದವರಿಗೆ ಒಂದು ಸಲಕ್ಕೆ ಕೊಡುವ 1 ಮಿಲಿಗ್ರಾಂನಲ್ಲಿ ಇದು ನಲವತ್ತನೇ ಒಂದು ಭಾಗ. ಹೃದ್ರೋಗಿಗಳಿಗೆ ಒಂದು ಭೇಟಿಯಲ್ಲಿ 40 ಮೈಕ್ರೊಗ್ರಾಂ ದಾಟಬಾರದು ಎಂಬ ಗಡಿಯನ್ನು ದಂತವೈದ್ಯರು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. 1:80,000 ಬಾಟಲಿಯಾದರೆ ಆ ಗಡಿ 3.2 ಮಿಲಿಗೆ ಬರುತ್ತದೆ, 1:2,00,000 ಬಾಟಲಿಯಾದರೆ 8 ಮಿಲಿವರೆಗೆ ಅವಕಾಶವಿದೆ. ಎಚ್ಚರಿಕೆಯಿಂದ ಕೊಡುವ ಇಷ್ಟು ಸಣ್ಣ ಪ್ರಮಾಣ ಹೃದ್ರೋಗಿಗಳಿಗೆ ವರ್ಜ್ಯವಲ್ಲ ಎಂದು ಅಮೆರಿಕದ ದಂತವೈದ್ಯರ ಸಂಘವೂ ಹೃದ್ರೋಗ ಸಂಘವೂ ಒಟ್ಟಿಗೆ ಕೂತು 1964ರಲ್ಲೇ ಹೇಳಿದ್ದವು.

ಹಾಗಾದರೆ ನಿಮಗೇಕೆ ಹಾಗಾಯಿತು? ಕೆಳದವಡೆಯ ಹಿಂಭಾಗದಲ್ಲಿ ನಾವು ಹುಡುಕುವ ನರದ ಪಕ್ಕಕ್ಕೇ ರಕ್ತನಾಳಗಳೂ ಸಾಗುತ್ತವೆ. ಸೂಜಿಯ ಮೊನೆ ನಾಳದೊಳಗೆ ಕೂತಿದ್ದರೆ ಔಷಧಿ ನೇರವಾಗಿ ರಕ್ತಕ್ಕೆ ಸೇರುತ್ತದೆ. ಅದಕ್ಕಾಗಿಯೇ ಔಷಧಿ ಬಿಡುವ ಮೊದಲು ಸಿರಿಂಜಿನ ಹಿಡಿಕೆಯನ್ನು ಸ್ವಲ್ಪ ಹಿಂದಕ್ಕೆಳೆದು ನೋಡಬೇಕು. ರಕ್ತ ಕಂಡರೆ ಜಾಗ ಬದಲಿಸಬೇಕು. ಕಾಣದಿದ್ದರೂ ನಿಧಾನವಾಗಿ, ಒಂದು ಮಿಲಿಗೆ ಒಂದು ನಿಮಿಷದ ಲೆಕ್ಕದಲ್ಲಿ ಬಿಡಬೇಕು. ಅರ್ಧ ನಿಮಿಷದಲ್ಲೇ ಎದೆ ಗುದ್ದಿತು ಎಂದು ನೀವು ಬರೆದಿರುವುದರಿಂದ, ಅಂದು ಈ ಎರಡರಲ್ಲಿ ಒಂದು ತಪ್ಪಿರಬಹುದು ಎಂಬುದು ನನ್ನ ಊಹೆ. ರಕ್ತದಲ್ಲಿ ಅಡ್ರಿನಲಿನ್ ಬಾಳುವುದು ಕೆಲವೇ ನಿಮಿಷ. ಅದಕ್ಕೇ ಬಂದಷ್ಟೇ ಬೇಗ ಇಳಿಯಿತು.

ಇನ್ನು ಇಂಜೆಕ್ಷನ್ ಇಲ್ಲದೆ ಕೀಳುವ ಮಾತು. ದಯವಿಟ್ಟು ಬೇಡ. ಅಡ್ರಿನಲಿನ್ ಬಾಟಲಿಯಲ್ಲಿ ಮಾತ್ರ ಇರುವುದಿಲ್ಲ, ನಿಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಗ್ರಂಥಿಗಳಲ್ಲೂ ಇದೆ. ನೋವು, ಭಯ ಅವನ್ನು ಹಿಂಡಿದರೆ ವಿಶ್ರಾಂತಿಯಲ್ಲಿರುವಾಗ ಸುರಿಸುವುದಕ್ಕಿಂತ ಹಲವು ಪಟ್ಟು ಸುರಿಸುತ್ತವೆ. ಅದಕ್ಕೆ 40 ಮೈಕ್ರೊಗ್ರಾಂನ ಗಡಿ ಹಾಕುವವರು ಯಾರೂ ಇಲ್ಲ. ಅರೆಬರೆ ಮರಗಟ್ಟಿದ ಹಲ್ಲನ್ನು ಎಳೆಯುವಾಗ ನಿಮ್ಮ ಹೃದಯ ಪಡುವ ಪಾಡು, ಅಳತೆ ಮಾಡಿ ಕೊಟ್ಟ ಇಂಜೆಕ್ಷನ್‌ನಿಂದ ಪಡುವುದಕ್ಕಿಂತ ಕಠಿಣ. ಇದೇ ಕಾರಣಕ್ಕೆ ‘ಅಡ್ರಿನಲಿನ್ ಇಲ್ಲದ್ದೇ ಕೊಡಿ’ ಎಂದು ಹಟ ಹಿಡಿಯುವುದೂ ಎಲ್ಲ ಸಲ ಜಾಣತನವಲ್ಲ. ಹತ್ತು ನಿಮಿಷದ ಕೆಲಸಕ್ಕೆ ಸಾದಾ ಲಿಗ್ನೊಕೇನ್ ಸಾಕಾಗಬಹುದು. ಅಡ್ರಿನಲಿನ್ ಇಲ್ಲದೆಯೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವ ಮೆಪಿವಕೇನ್ ಕೂಡ ಇದೆ. ಆದರೆ ಬೇರು ಗಟ್ಟಿಯಾಗಿ ಹಿಡಿದಿರುವ ದವಡೆ ಹಲ್ಲಿಗೆ ನಾನಾದರೆ 1:2,00,000 ಬಾಟಲಿಯಿಂದ ಅಳೆದು, ನಿಧಾನವಾಗಿ ಕೊಡುತ್ತೇನೆ.

ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಅಲ್ಲಿ ಲಿಗ್ನೊಕೇನ್ ಸರಿಯಾಗಿ ಹಿಡಿಯುವುದಿಲ್ಲ. ನೀವು ದಿನ ದೂಡಿದಷ್ಟೂ ಹೆಚ್ಚು ಔಷಧಿ ಚುಚ್ಚಬೇಕಾಗುತ್ತದೆ. ಆದ್ದರಿಂದ ಈ ವಾರವೇ ಹೊರಡಿ. ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ, ಊತ ಕುತ್ತಿಗೆಗೆ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಗಿನ ಸಮಯವನ್ನೇ ಕೇಳಿ ಪಡೆಯಿರಿ. ತಿಂಡಿ ತಿಂದು, ಮೆಟೊಪ್ರೊಲಾಲ್ ತಪ್ಪದೆ ನುಂಗಿ ಹೋಗಿ. ಒಂದು ಹಲ್ಲಿಗೆ ಸಾಮಾನ್ಯವಾಗಿ ರಕ್ತ ತೆಳುವಾಗಿಸುವ ಅಪಿಕ್ಸಬಾನ್ ನಿಲ್ಲಿಸಬೇಕಾಗಿಲ್ಲ. ಆದರೂ ನಿಮ್ಮ ಹೃದ್ರೋಗ ತಜ್ಞರನ್ನು ಒಮ್ಮೆ ಕೇಳಿ. ಕುರ್ಚಿಯಲ್ಲಿ ಕೂತ ಮೇಲೆ ‘ಹೋದ ಸಲ ಹೀಗಾಗಿತ್ತು, ಹಿಂದಕ್ಕೆಳೆದು ನೋಡಿ ನಿಧಾನವಾಗಿ ಕೊಡಿ’ ಎಂದು ಹೇಳಲು ಸಂಕೋಚ ಬೇಡ. ಆ ಹಳೆಯ ಚೀಟಿಯನ್ನೂ ಒಯ್ದು ತೋರಿಸಿ. ಬೇಕೆನಿಸಿದರೆ ಅವರು ಅಲರ್ಜಿ ಪರೀಕ್ಷೆ ಮಾಡಿಸಿ, ಸರಿಯಾದ ಟಿಪ್ಪಣಿ ಬರೆದುಕೊಡುತ್ತಾರೆ. ಇಲ್ಲದಿದ್ದರೆ ನಾಳೆ ಕೈಗೆ ಹೊಲಿಗೆ ಹಾಕಬೇಕಾದಾಗಲೂ ಆ ಚೀಟಿ ಅಡ್ಡ ಬರುತ್ತದೆ.

ಪ್ರಶ್ನೆ: ನಮ್ಮ ಅವ್ವಗೆ 58 ವರ್ಷ. ಸಣ್ಣವಳಿದ್ದಾಗ ರುಮಾಟಿಕ್ ಜ್ವರ ಬಂದು ಹೃದಯದ ಕವಾಟ ಕಿರಿದಾಗಿದೆ, ಬಡಿತವೂ ಏರುಪೇರು. ಹದಿನೈದು ವರ್ಷದ ಹಿಂದೆ ಬಲೂನ್ ಹಾಕಿಸಿದ್ದೇವೆ. ದಿನಾ ಅಸಿಟ್ರೋಮ್ ಗುಳಿಗಿ ತಗೋತಾಳ. ಎರಡು ಹಲ್ಲು ಅಲುಗಾಡುತ್ತವೆ, ಊಟ ಮಾಡಾಕ ಆಗವಲ್ದು. ಹಲ್ಲಿನ ಡಾಕ್ಟರು ರಕ್ತ ತೆಳ್ಳಗ ಮಾಡೋ ಗುಳಿಗಿ ಐದು ದಿನ ಬಿಟ್ಟು ಬರ್ರಿ ಅಂದಾರ. ಎರಡು ದಿನದಿಂದ ಬಿಟ್ಟಾಳ. ಅಣ್ಣ ಬೇಡ ಅಂತಾನ. ಯಾರ ಮಾತು ಕೇಳೂಣು? (ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಅಣ್ಣನ ಮಾತು ಕೇಳಿ. ನಿಮ್ಮ ಪತ್ರದಲ್ಲಿ ಫೋನ್ ನಂಬರ್ ಇದ್ದುದರಿಂದ ಇದನ್ನು ನಾನು ಅಂದೇ ಹೇಳಿದ್ದೇನೆ. ಬೇರೆಯವರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಿರಿದಾದ ಕವಾಟದ ಹಿಂದೆ ರಕ್ತ ನಿಧಾನವಾಗುತ್ತದೆ, ಅದರ ಮೇಲೆ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರುತ್ತಿರುತ್ತದೆ. ನಿಂತ ನೀರಿನಲ್ಲಿ ಪಾಚಿಗಟ್ಟುವ ಹಾಗೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೊರಟು ಮೆದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಅದನ್ನು ತಡೆಯುತ್ತಿರುವುದು ಆ ಗುಳಿಗೆಯೊಂದೇ. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಬಂದರೆ ಬಟ್ಟೆಯಿಟ್ಟು ಬೆರಳಲ್ಲಿ ಒತ್ತಿ ನಿಲ್ಲಿಸಬಹುದು. ಮೆದುಳಿನ ನಾಳಕ್ಕೆ ಬೆರಳು ತಲುಪುವುದಿಲ್ಲ. ಹಲ್ಲು ಕೀಳಲು ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕೆಂಬ ಹಳೆಯ ರೂಢಿ ಇನ್ನೂ ಕೆಲವು ಕಡೆ ಉಳಿದಿರುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಾಡಬೇಕಾದದ್ದು ಬೇರೆಯೇ ಇದೆ. ಹೃದ್ರೋಗ ತಜ್ಞರನ್ನು ಕೇಳಿ ಗುಳಿಗೆ ಮತ್ತೆ ಶುರು ಮಾಡಿಸಿ. ಹಲ್ಲು ಕೀಳುವ ಹಿಂದಿನ ದಿನ, ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ. 3.5ರ ಒಳಗಿದ್ದರೆ ಒಂದೆರಡು ಹಲ್ಲನ್ನು ಗುಳಿಗೆ ನಿಲ್ಲಿಸದೆಯೇ ಕೀಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಹೃದ್ರೋಗ ತಜ್ಞರು ಪ್ರಮಾಣ ಸರಿಮಾಡುವವರೆಗೆ ಕಾಯಬೇಕು. ಕಿತ್ತ ಮೇಲೆ ಕುಳಿಯಲ್ಲಿ ಜೆಲಟಿನ್ ಸ್ಪಂಜ್ ಇಟ್ಟು, ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿಸಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ಆ ದಿನ ಬಾಯಿ ಮುಕ್ಕಳಿಸುವುದು, ಉಗುಳುವುದು, ಬಿಸಿ ರೊಟ್ಟಿ, ಬಿಸಿ ಚಹಾ ಬೇಡ. ಬೆಳಿಗ್ಗೆಯೇ ಕೀಳಿಸಿ. ರಾತ್ರಿ ರಕ್ತ ಬಂದರೆ ಹಳ್ಳಿಯಿಂದ ಹೊರಡುವುದು ಕಷ್ಟ.

ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೆಡಿಕಲ್ ಶಾಪಿನವರು ಕೊಟ್ಟರೂ ನುಂಗಬಾರದು. ಹಲ್ಲಿನ ಸೋಂಕಿಗೆ ಬರೆಯುವ ಮೆಟ್ರೊನಿಡಜೋಲ್ ಅಸಿಟ್ರೋಮ್‌ನ ಬಲವನ್ನು ವಿಪರೀತ ಹೆಚ್ಚಿಸುತ್ತದೆ. ಬಾಯಿಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಅದೇ ಕೆಲಸ ಮಾಡುತ್ತದೆ. ಹಚ್ಚುವ ಮುಲಾಮಿಗೆ ಇಷ್ಟು ಶಕ್ತಿಯಿದೆ ಎಂದು ಬಹಳ ಮಂದಿ ನಂಬುವುದಿಲ್ಲ.

ಇಂಜೆಕ್ಷನ್ ವಿಷಯಕ್ಕೆ ಬಂದರೆ, ಕವಾಟ ಕಿರಿದಾದವರಲ್ಲಿ ಬಡಿತ ತೀರಾ ವೇಗವಾಗಬಾರದು. ರಕ್ತ ಕೆಳಕೋಣೆಗೆ ಇಳಿಯಲು ಸಮಯ ಸಾಲದೆ ಶ್ವಾಸಕೋಶದಲ್ಲಿ ನಿಂತು ಏದುಸಿರು ಬರುತ್ತದೆ. ಅಲುಗಾಡುವ ಹಲ್ಲಿಗೆ ಔಷಧಿಯೂ ಹೆಚ್ಚು ಬೇಡ, ಹಲ್ಲಿನ ಪಕ್ಕದ ವಸಡಿಗೆ ಸ್ವಲ್ಪ ಕೊಟ್ಟರೆ ಸಾಕು. ದವಡೆಯ ಆಳಕ್ಕೆ ಸೂಜಿ ಹೋಗದಿದ್ದರೆ ಒಳಗೆ ರಕ್ತ ಗಡ್ಡೆಕಟ್ಟುವ ಭಯವೂ ಕಡಿಮೆ. ಹಲ್ಲು ಕೀಳುವ ಮೊದಲು ಸೋಂಕು ತಡೆಯುವ ಅಮಾಕ್ಸಿಸಿಲಿನ್ ಬೇಕೇ ಎಂದು ಹೃದ್ರೋಗ ತಜ್ಞರನ್ನೇ ಕೇಳಿ. ಕೃತಕ ಕವಾಟ ಇರುವವರಿಗೆ, ಹಿಂದೆ ಹೃದಯದ ಒಳಪದರಕ್ಕೆ ಸೋಂಕಾದವರಿಗೆ ಖಂಡಿತ ಬೇಕು. ಬಲೂನ್ ಹಾಕಿಸಿಕೊಂಡವರ ವಿಷಯದಲ್ಲಿ ಅವರೇ ನೋಡಿ ತೀರ್ಮಾನಿಸಲಿ.

ಪ್ರಶ್ನೆ: ನನಗೆ 29 ವರ್ಷ, ಸಾಫ್ಟ್‌ವೇರ್ ಕೆಲಸ. ಪಿಎಸ್‌ವಿಟಿ ಇದೆ. ವರ್ಷಕ್ಕೆ ಮೂರ್ನಾಲ್ಕು ಸಲ ಇದ್ದಕ್ಕಿದ್ದಂತೆ ಬಡಿತ 180ಕ್ಕೆ ಹೋಗುತ್ತದೆ. ಹಾಗಾದಾಗ ತೆಗೆದುಕೊಳ್ಳಲು ಪ್ರೊಪ್ರನೊಲಾಲ್ ಕೊಟ್ಟಿದ್ದಾರೆ. ಬುದ್ಧಿಹಲ್ಲು ಅಡ್ಡ ಬೆಳೆದಿದೆ. ಕುರ್ಚಿಯಲ್ಲೇ ಎದೆ ಓಡಿದರೆ ಎಂಬ ಭಯ. ಪೂರ್ತಿ ಪ್ರಜ್ಞೆ ತಪ್ಪಿಸಿ ತೆಗೆಸಿಕೊಳ್ಳಬಹುದೇ? (ಬೆಂಗಳೂರು)

ಉತ್ತರ: ಒಂದು ಹಲ್ಲಿಗಾಗಿ ಪೂರ್ತಿ ಅರಿವಳಿಕೆ ಬೇಡಮ್ಮ. ಅದು ತನ್ನದೇ ರೀತಿಯಲ್ಲಿ ಹೃದಯದ ಲಯವನ್ನೂ ರಕ್ತದೊತ್ತಡವನ್ನೂ ಕಲಕುತ್ತದೆ. ಭಯವೇ ದೊಡ್ಡದಾಗಿದ್ದರೆ, ಎಚ್ಚರದಲ್ಲೇ ಇದ್ದು ಮೂಗಿನಿಂದ ನೈಟ್ರಸ್ ಆಕ್ಸೈಡ್ ಎಳೆದುಕೊಳ್ಳುವ ವ್ಯವಸ್ಥೆ ಕೆಲವು ದಂತ ಚಿಕಿತ್ಸಾಲಯಗಳಲ್ಲಿದೆ. ಮನಸ್ಸು ಹಗುರಾಗುತ್ತದೆ, ನಿಲ್ಲಿಸಿದ ಕೆಲವು ನಿಮಿಷದಲ್ಲಿ ಅದರ ಪರಿಣಾಮವೂ ಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಪ್ರೊಪ್ರನೊಲಾಲ್ ಎಂಬ ಹೆಸರಿನ ಮೇಲೆ. ಅಡ್ರಿನಲಿನ್ ಕೆಲವು ರಕ್ತನಾಳಗಳನ್ನು ಮುದುಡಿಸುತ್ತದೆ, ಕೆಲವನ್ನು ಸಡಿಲಿಸುತ್ತದೆ. ಎರಡೂ ಸೇರಿ ಒತ್ತಡ ಹದದಲ್ಲಿರುತ್ತದೆ. ಪ್ರೊಪ್ರನೊಲಾಲ್ ಸಡಿಲಿಸುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಆಗ ಹೆಚ್ಚು ಅಡ್ರಿನಲಿನ್ ಹೋದರೆ ರಕ್ತದೊತ್ತಡ ಥಟ್ಟನೆ ಏರಿ, ಅದಕ್ಕೆ ಪ್ರತಿಯಾಗಿ ನಾಡಿ ತೀರಾ ನಿಧಾನವಾಗಬಹುದು. ಹೃದಯದ ಮೇಲಷ್ಟೇ ಹೆಚ್ಚಾಗಿ ಕೆಲಸ ಮಾಡುವ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ಗಳಲ್ಲಿ ಈ ತೊಂದರೆ ಕಡಿಮೆ. ಮೈಗ್ರೇನಿಗೆ, ಕೈನಡುಕಕ್ಕೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರು ‘ನನಗೇನು ಹೃದ್ರೋಗ ಇಲ್ಲವಲ್ಲ’ ಎಂದು ಅದನ್ನು ಹೇಳುವುದೇ ಇಲ್ಲ. ನೀವು ಅಂದು ಮಾತ್ರೆ ನುಂಗಿದ್ದೀರೋ ಇಲ್ಲವೋ ಎಂಬುದನ್ನು ಕುರ್ಚಿಯಲ್ಲಿ ಕೂರುವ ಮೊದಲು ತಿಳಿಸಿ. ಮೊದಲಿಗೆ ಒಂದು ಮಿಲಿಯಷ್ಟು ಕೊಟ್ಟು, ಐದು ನಿಮಿಷ ಬಿಟ್ಟು ಬಿಪಿ, ನಾಡಿ ನೋಡಿ ಮುಂದುವರಿದರೆ ಸರಿಹೋಗುತ್ತದೆ.

ಕುರ್ಚಿಯಲ್ಲೇ ಬಡಿತ ಓಡಿದರೆ? ಅದಕ್ಕೆ ಹೇಳಿ ಮಾಡಿಸಿದ ಜಾಗವೂ ಅದೇ ಕುರ್ಚಿ. ಅರ್ಧ ಒರಗಿ ಕೂತು, ಖಾಲಿ ಸಿರಿಂಜಿನ ಬಾಯಿಗೆ 15 ಸೆಕೆಂಡು ಜೋರಾಗಿ ಊದಬೇಕು. ಕೂಡಲೇ ಕುರ್ಚಿಯನ್ನು ಮಟ್ಟಸ ಮಾಡಿ ಕಾಲುಗಳನ್ನು ಎತ್ತಿ ಹಿಡಿಯಬೇಕು. ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರೀ ಕೂತು ಊದುವ ಹಳೆಯ ಪದ್ಧತಿಯಿಂದ 17% ಮಂದಿಗೆ ಬಡಿತ ಹಾದಿಗೆ ಬಂದರೆ, ಹೀಗೆ ಕಾಲೆತ್ತಿ ಮಲಗಿಸಿದಾಗ 43% ಮಂದಿಗೆ ಬಂತು. ನಿಮ್ಮ ವೈದ್ಯರ ಹತ್ತಿರ ಮೊದಲೇ ಕಲಿತುಕೊಳ್ಳಿ. ನಿಲ್ಲದಿದ್ದರೆ, ತಲೆಸುತ್ತು ಅಥವಾ ಎದೆನೋವು ಬಂದರೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಅಡೆನೊಸಿನ್ ಕೊಡುತ್ತಾರೆ. ಬಡಿತದ ಈ ತೊಂದರೆಗೆ ರೇಡಿಯೊ ಫ್ರೀಕ್ವೆನ್ಸಿ ಚಿಕಿತ್ಸೆ ಮಾಡಿಸಿಕೊಳ್ಳುವ ಯೋಚನೆ ಹೇಗೂ ಇದ್ದರೆ, ಹಲ್ಲು ನೋಯುತ್ತಿಲ್ಲವಾದರೆ, ಅದನ್ನು ಮುಗಿಸಿಕೊಂಡೇ ಹಲ್ಲಿಗೆ ಬನ್ನಿ.

ಪ್ರಶ್ನೆ: ತಂದೆಗೆ 74 ವರ್ಷ, ಹೋದ ತಿಂಗಳು ಪೇಸ್‌ಮೇಕರ್ ಹಾಕಿದ್ದಾರೆ. ಹಲ್ಲು ಕ್ಲೀನ್ ಮಾಡುವ ಮೆಷಿನ್ ಅದನ್ನು ನಿಲ್ಲಿಸಿಬಿಡುತ್ತದೆ ಎಂದು ಯಾರೋ ಹೇಳಿದರು. ಇಂಜೆಕ್ಷನ್ ಕೊಡಬಹುದೇ? (ಮೈಸೂರು)

ಉತ್ತರ: ಇಂಜೆಕ್ಷನ್ ಕೊಡಬಹುದು, ಎಕ್ಸ್-ರೇ ತೆಗೆಯಬಹುದು. ಪೇಸ್‌ಮೇಕರ್ ಇದೆ ಎಂಬುದೊಂದೇ ಕಾರಣಕ್ಕೆ ಆ್ಯಂಟಿಬಯೊಟಿಕ್ ಬೇಕಾಗಿಲ್ಲ. ಕ್ಲೀನಿಂಗ್ ಮೆಷಿನ್‌ಗಳಲ್ಲಿ ಎರಡು ಬಗೆ. ಪೀಜೊ ಎಂಬುದು ನಿರಪಾಯ. ಕಾಂತಶಕ್ತಿಯಿಂದ ನಡುಗುವ ಬಗೆಯನ್ನು, ಅದರಲ್ಲೂ ಹಳೆಯ ಪೇಸ್‌ಮೇಕರ್ ಇದ್ದವರಿಗೆ, ಬಳಸದಿರುವುದು ಒಳ್ಳೆಯದು. ಬೇಡವೆನಿಸಿದರೆ ಕೈಯಿಂದಲೇ ಕೆರೆದು ತೆಗೆಯಬಹುದು. ನಿಜವಾಗಿ ಎಚ್ಚರ ಬೇಕಾದದ್ದು ವಸಡು ಸುಟ್ಟು ಕತ್ತರಿಸುವ ವಿದ್ಯುತ್ ಉಪಕರಣದ ಬಗ್ಗೆ. ಆತುರವಿಲ್ಲದ ಕೆಲಸಕ್ಕೆ ಇನ್ನೂ ಕೆಲವು ವಾರ ಕಾಯಿರಿ, ತಂತಿ ಒಳಗೆ ಗಟ್ಟಿಯಾಗಿ ಕೂರಲಿ. ಅವರಿಗೆ ಕೊಟ್ಟಿರುವ ಕಾರ್ಡನ್ನು ಒಯ್ಯಲು ಮರೆಯಬೇಡಿ.

ಪ್ರಶ್ನೆ: ಮಗಳಿಗೆ 11 ವರ್ಷ. ಎರಡು ವರ್ಷದ ಹಿಂದೆ ಈಜುವಾಗ ಪ್ರಜ್ಞೆ ತಪ್ಪಿದಳು. ಲಾಂಗ್ ಕ್ಯೂಟಿ ಎಂದು ಗೊತ್ತಾಯಿತು. ದಿನವೂ ಬೀಟಾ ಬ್ಲಾಕರ್ ಕೊಡುತ್ತೇವೆ. ದವಡೆ ಹಲ್ಲಿಗೆ ಹುಳುಕು ಹಿಡಿದಿದೆ. ದಂತವೈದ್ಯರು ಮುಟ್ಟಲು ಹೆದರುತ್ತಿದ್ದಾರೆ. (ಉಡುಪಿ)

ಉತ್ತರ: ಮೇಲೆ ಮೇಷ್ಟ್ರಿಗೆ ಹೇಳಿದ ಧೈರ್ಯದ ಮಾತನ್ನು ನಿಮಗೆ ಹಾಗೆಯೇ ಹೇಳಲಾರೆ. ಲಾಂಗ್ ಕ್ಯೂಟಿಯಲ್ಲಿ ಹೃದಯದ ಕಟ್ಟಡ ಸರಿಯಾಗಿರುತ್ತದೆ, ಪ್ರತಿ ಬಡಿತದ ನಂತರ ವಿದ್ಯುತ್ತು ಮತ್ತೆ ಅಣಿಯಾಗುವುದು ತಡವಾಗುತ್ತದೆ. ಆ ನಡುಗಾಲದಲ್ಲಿ ಅಡ್ರಿನಲಿನ್ ನುಗ್ಗಿದರೆ ಅಪಾಯಕಾರಿ ಲಯ ಶುರುವಾಗಬಹುದು. ಈಜು ಒಂದು ಬಗೆಯವರಿಗೆ ಪ್ರಚೋದಕ, ಥಟ್ಟನೆ ಬರುವ ಸದ್ದು ಇನ್ನೊಂದು ಬಗೆಯವರಿಗೆ. ಆದ್ದರಿಂದ ಆ ದಂತವೈದ್ಯರ ಹೆದರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಹುಳುಕು ಒಳನರಕ್ಕೆ ಇಳಿದು ಮಗು ನೋವಿನಿಂದ ರಾತ್ರಿಯೆಲ್ಲ ಅಳುವುದು ಅವಳ ಹೃದಯಕ್ಕೆ ಇನ್ನೂ ಕೆಟ್ಟದ್ದು. ಚಿಕಿತ್ಸೆ ಬೇಕು, ಸರಿಯಾದ ಜಾಗದಲ್ಲಿ.

ಹುಳುಕು ಆಳವಾಗಿಲ್ಲದಿದ್ದರೆ ಸೂಜಿಯೇ ಬೇಡವಾಗಬಹುದು. ಮೆತ್ತಗಾದ ಭಾಗವನ್ನು ಕೈಸಾಧನದಿಂದ ಕೆರೆದು ಗ್ಲಾಸ್ ಅಯನೊಮರ್ ತುಂಬುವ ಪದ್ಧತಿ ಇದೆ. ಹುಳುಕನ್ನು ಅಲ್ಲಿಗೇ ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಲೇಪನವೂ ಇದೆ. ಹುಳುಕಿದ ಭಾಗ ಕಪ್ಪಾಗುತ್ತದೆ, ಹಿಂದಿನ ಹಲ್ಲಾದ್ದರಿಂದ ಚಿಂತೆಯಿಲ್ಲ. ಸೂಜಿ ಬೇಕೇ ಬೇಕಾದರೆ ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್ ಅಥವಾ ಮೆಪಿವಕೇನ್, ಮಗುವಿನ ತೂಕಕ್ಕೆ ತಕ್ಕಂತೆ. ಚುಚ್ಚುವ ಮೊದಲು ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಲಿ. ಇಸಿಜಿ ನೋಡುತ್ತಾ ಕೆಲಸ ಮಾಡುವ, ಡಿಫಿಬ್ರಿಲೇಟರ್ ಕೈಗೆಟುಕುವ ಕಡೆಗೇ ಹೋಗಿ. ಆಸ್ಪತ್ರೆಯ ಜೊತೆಗಿರುವ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗವೂ ಇರುತ್ತದೆ, ಕರಾವಳಿಯಲ್ಲಿ ಅವು ದೂರವೇನಿಲ್ಲ. ಅಂದು ಬೆಳಗಿನ ಬೀಟಾ ಬ್ಲಾಕರ್ ತಪ್ಪಲೇಬಾರದು. ಮಗುವಿಗೆ ವಾಂತಿಭೇದಿಯಾಗಿದ್ದರೆ ಮುಂದೂಡಿ, ಪೊಟ್ಯಾಸಿಯಂ ಇಳಿದಿರಬಹುದು. ಕೋಣೆಯಲ್ಲಿರುವ ಎಲ್ಲರ ಮೊಬೈಲ್ ರಿಂಗಣ ಬಂದ್ ಮಾಡಿಸಿ.

ಚಿಕಿತ್ಸೆಯ ನಂತರ ಬರೆಯುವ ಮಾತ್ರೆಗಳ ಮೇಲೆ ನಿಮ್ಮ ಕಣ್ಣಿರಲಿ. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಫ್ಲುಕೊನಜೋಲ್ ಅವಳಿಗೆ ಬೇಡ. ವಾಂತಿಗೆಂದು ನಮ್ಮಲ್ಲಿ ಸಲೀಸಾಗಿ ಕೊಡುವ ಡೊಂಪೆರಿಡೋನ್, ಒಂಡಾನ್ಸೆಟ್ರಾನ್ ಕೂಡ ಬೇಡ. ಅಮಾಕ್ಸಿಸಿಲಿನ್, ಪ್ಯಾರಾಸಿಟಮಾಲ್ ಆಗಬಹುದು. ಈ ಪಟ್ಟಿಯನ್ನು ಅವಳ ಹೃದ್ರೋಗ ತಜ್ಞರಿಂದ ಬರೆಸಿ, ಶಾಲೆಯ ಬ್ಯಾಗಿನಲ್ಲೂ ಒಂದು ಪ್ರತಿ ಇಡಿ. ಮನೆಯ ಇತರ ಮಕ್ಕಳ ಇಸಿಜಿ ಆಗಿರದಿದ್ದರೆ ಈ ತಿಂಗಳೇ ಮಾಡಿಸಿ.

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ದಂತವೈದ್ಯೆ. ಬಡಿತದ ತೊಂದರೆ ಇರುವ ಅಜ್ಜನೊಬ್ಬರನ್ನು ಹೃದ್ರೋಗ ತಜ್ಞರ ಬಳಿ ಕಳಿಸಿದೆ. ‘ಫಿಟ್ ಫಾರ್ ಡೆಂಟಲ್ ಟ್ರೀಟ್‌ಮೆಂಟ್’ ಎಂಬ ನಾಲ್ಕು ಪದದ ಚೀಟಿ ಬಂತು. ಅಡ್ರಿನಲಿನ್ ಕೊಡಬಹುದೇ ಎಂಬುದು ಅದರಲ್ಲಿಲ್ಲ. ಏನು ಮಾಡಲಿ?

ಉತ್ತರ: ಡಾಕ್ಟ್ರೇ, ನೀವು ಕಳಿಸಿದ ಚೀಟಿಯಲ್ಲೂ ‘ಫಿಟ್‌ನೆಸ್ ಕೊಡಿ’ ಎಂದಷ್ಟೇ ಇತ್ತೇ? ಹಾಗಿದ್ದರೆ ಉತ್ತರವೂ ಅಷ್ಟೇ ಬರುತ್ತದೆ. ನಾವೇನು ಮಾಡಲಿದ್ದೇವೆ ಎಂಬುದು ಹೃದ್ರೋಗ ತಜ್ಞರಿಗೆ ಗೊತ್ತಿರುವುದಿಲ್ಲ. ಹಲ್ಲು ಕೀಳುವುದೆಂದರೆ ಅವರ ಮನಸ್ಸಿನಲ್ಲಿ ದೊಡ್ಡ ಆಪರೇಷನ್ ಇರಬಹುದು. ನಾನು ಬರೆಯುವುದು ಹೀಗೆ: ‘ಕೆಳದವಡೆಯ ಒಂದು ಹಲ್ಲು ಕೀಳಬೇಕಿದೆ, ಸುಮಾರು 20 ನಿಮಿಷದ ಕೆಲಸ. 2% ಲಿಗ್ನೊಕೇನ್, 1:2,00,000 ಅಡ್ರಿನಲಿನ್, 4 ಮಿಲಿ ಮೀರದಂತೆ ಕೊಡುತ್ತೇನೆ, ಅಂದರೆ ಅಡ್ರಿನಲಿನ್ 20 ಮೈಕ್ರೊಗ್ರಾಂ. ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿಸುತ್ತೇನೆ.’ ಆಮೇಲೆ ನನ್ನ ಪ್ರಶ್ನೆಗಳು: ಲಯದ ತೊಂದರೆಯ ಹೆಸರೇನು, ಈಗ ಹತೋಟಿಯಲ್ಲಿದೆಯೇ, ಕೊನೆಯ ಸಲ ತಲೆಸುತ್ತಿ ಬಿದ್ದದ್ದು ಯಾವಾಗ, ಹೃದಯದ ಪಂಪಿಂಗ್ ಎಷ್ಟು, ಡಿಜಾಕ್ಸಿನ್ ಅಥವಾ ಅಮಿಯೊಡರೋನ್ ಕೊಡುತ್ತಿದ್ದಾರೆಯೇ, ಈ ಪ್ರಮಾಣದ ಅಡ್ರಿನಲಿನ್‌ಗೆ ಅವರ ಅಭ್ಯಂತರ ಇದೆಯೇ. ಇಷ್ಟು ಬರೆದರೆ ಉಪಯೋಗಕ್ಕೆ ಬರುವ ಉತ್ತರ ಬರುತ್ತದೆ.

ಅಂದು ಅಜ್ಜನ ಕೈಹಿಡಿದು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಬಡಿತ ಏರುಪೇರಾದಾಗ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಪ್ಪು ಸಂಖ್ಯೆ ತೋರಿಸುವುದುಂಟು. ಬಿಪಿ 180/110 ದಾಟಿದ್ದರೆ, ಸುಮ್ಮನೆ ಕೂತಾಗಲೇ ನಾಡಿ 110ಕ್ಕಿಂತ ಹೆಚ್ಚಿದ್ದು ಏದುಸಿರಿದ್ದರೆ, ಇತ್ತೀಚಿನ ವಾರಗಳಲ್ಲಿ ಪ್ರಜ್ಞೆ ತಪ್ಪಿದ್ದರೆ ಅಥವಾ ಹೃದಯಾಘಾತವಾಗಿದ್ದರೆ ಅಂದು ಬೇಡ. ಹಲ್ಲು ಮತ್ತು ಮೂಳೆಯ ಸಂದಿಗೆ ಒತ್ತಿ ಕೊಡುವ ಇಂಜೆಕ್ಷನ್ ರಕ್ತಕ್ಕೆ ಬಹುಬೇಗ ಸೇರುತ್ತದೆ, ಅಡ್ರಿನಲಿನ್ ಇದ್ದ ಔಷಧಿಯನ್ನು ಹಾಗೆ ಕೊಡಬೇಡಿ. ನಾವು ಮರೆಯುವ ಇನ್ನೊಂದು ಇದೆ: ಕ್ಯಾಪ್ ಅಳತೆ ತೆಗೆಯುವಾಗ ವಸಡಿನ ಸುತ್ತ ಸುತ್ತುವ ಅಡ್ರಿನಲಿನ್ ದಾರ. ಸಿರಿಂಜಿನಲ್ಲಿ ಹನಿ ಹನಿ ಲೆಕ್ಕ ಹಾಕಿ, ಅದರ ಹಲವು ಪಟ್ಟು ಅಡ್ರಿನಲಿನ್ ಇರುವ ದಾರವನ್ನು ಗಾಯವಾದ ವಸಡಿಗೆ ಒತ್ತುತ್ತೇವೆ. ಹೃದ್ರೋಗಿಗಳಿಗೆ ಅಲ್ಯೂಮಿನಿಯಂ ಕ್ಲೋರೈಡ್ ಇರುವ ದಾರವೇ ಸರಿ.

ಇಷ್ಟಾದರೂ ಧೈರ್ಯ ಸಾಲದಿದ್ದರೆ ಕಳಿಸಿಕೊಡುವುದರಲ್ಲಿ ಸಂಕೋಚ ಬೇಡ. ಹೃದಯದ ಅಭಿಪ್ರಾಯಕ್ಕೆ ಜಯದೇವ ಸಂಸ್ಥೆ ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರಿನಲ್ಲೂ ಕಲಬುರಗಿಯಲ್ಲೂ ಇದೆ. ಆದರೆ ಒಂದು ಹಲ್ಲಿಗಾಗಿ ಆ ವಯಸ್ಸಿನವರನ್ನು ಬಸ್ಸಿನಲ್ಲಿ ನೂರಾರು ಕಿಲೋಮೀಟರ್ ಅಲೆಸುವ ಮೊದಲು ಈ ಪತ್ರವನ್ನೊಮ್ಮೆ ಬರೆದು ನೋಡಿ. ನಾನು ಬಳಸುವ ಮಾದರಿಯ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದೇನೆ. ಅಜ್ಜನ ಹಲ್ಲು ತೆಗೆದ ಮೇಲೆ ಹೇಗಾಯಿತೆಂದು ತಿಳಿಸಿ.